ಮನೆ ಹುಡುಕುವವಳ ಸೊಲ್ಲಾಪುರ

ಅಕ್ಕಲಕೋಟೆ ಸೀಮೆಯ ಹಳ್ಳಿಗಳವರಿಗೆ ಸೊಲ್ಲಾಪುರ ಅಪರಿಚಿತ ಊರಲ್ಲ. ಅಕ್ಕಲಕೋಟೆಯಿಂದ ಸುಮಾರು 40 ಕಿಲೋಮೀಟರ್ ದೂರದ ಈ ನಗರಕ್ಕೆ ಅವರು ತಲೆಮಾರುಗಳಿಂದ ಹೋಗಿ ಬರುತ್ತಿದ್ದಾರೆ. ಮದುವೆಯ ಬಟ್ಟೆಗೆ, ಸಿವಿಲ್ ಆಸ್ಪತ್ರೆಗೆ, ಕಚೇರಿಯ ಕಾಗದಪತ್ರಕ್ಕೆ, ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಎಂದು ವರ್ಷದಲ್ಲಿ ನಾಲ್ಕಾರು ಸಲ ಅಲ್ಲಿಯ ಮಣ್ಣು ಮೆಟ್ಟದ ಮನೆ ಅಪರೂಪ. ಆದರೆ ಹೋಗಿ ಬರುವವರ ಸೊಲ್ಲಾಪುರ ಬೇರೆ, ಇರಲು ಹೋಗುವವರ ಸೊಲ್ಲಾಪುರ ಬೇರೆ. ಮೊದಲಿನದು ಎಸ್.ಟಿ. ನಿಲ್ದಾಣದಿಂದ ನವೀ ಪೇಠದ ಅಂಗಡಿಗಳವರೆಗೆ, ಅಲ್ಲಿಂದ ಸಿದ್ಧೇಶ್ವರ ಗುಡಿಯವರೆಗೆ ಎಳೆದ ಒಂದು ಗೆರೆ. ಸಂಜೆಯ ಬಸ್ಸು ಹಿಡಿಯುವ ಅವಸರದಲ್ಲಿ ಆ ಗೆರೆಯ ಆಚೆಗೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ. ಎರಡನೆಯದು ಓಣಿಗಳ ಊರು. ಅಲ್ಲಿ ನೀರು ಬರುವ ಹೊತ್ತು, ಕಿರಾಣಿ ಅಂಗಡಿಯ ಉದ್ರಿ, ನೆರೆಮನೆಯವರ ದನಿ, ಮಕ್ಕಳು ಶಾಲೆಗೆ ಹೋಗುವ ದಾರಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆ ಊರನ್ನು ಕಾಣಬೇಕಾದರೆ ಮನೆ ಹುಡುಕಲು ಹೊರಡಬೇಕು.

ಬೋರಿ ನದಿಯ ದಡದ ಹಳ್ಳಿಯೊಂದರ ತಾಯಿಯೊಬ್ಬಳು ಒಂದು ಬೇಸಗೆಯಲ್ಲಿ ಹಾಗೆ ಹೊರಟಳು. ಗಂಡನಿಗೆ ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಸಿಕ್ಕಿತ್ತು. ಪಾಳಿಯ ಕೆಲಸ; ಹೊಸದಾಗಿ ಸೇರಿದವನು ರಜೆ ಕೇಳುವಂತಿರಲಿಲ್ಲ. ಆದ್ದರಿಂದ ಮನೆ ನೋಡುವ ಹೊಣೆ ಆಕೆಯೊಬ್ಬಳ ಮೇಲೆಯೇ ಬಿತ್ತು. ಮಗಳು ಊರಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದಳು. ಜೂನ್ ಮಧ್ಯಕ್ಕೆ ಶಾಲೆ ಆರಂಭ. ಅಷ್ಟರೊಳಗೆ ಬಿಡಾರ ಹೂಡಬೇಕು. ಬಂಧುಗಳು ಸಲಹೆ ಕೊಟ್ಟರು: ಒಳ್ಳೆಯ ಮನೆ ಸಿಕ್ಕ ಕಡೆ ಹಿಡಿ, ಹತ್ತಿರ ಯಾವ ಶಾಲೆ ಇದೆಯೋ ಅಲ್ಲಿಗೆ ಹುಡುಗಿಯನ್ನು ಹಾಕು, ಮರಾಠಿಯಾದರೇನು, ಇಂಗ್ಲಿಷಾದರೇನು. ಹೇಳಿದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಆ ಮಾತಿನ ಒಳಗೆ ಒಂದು ತೀರ್ಮಾನ ಅಡಗಿ ಕುಳಿತಿತ್ತು. ಏಳು ವರ್ಷ ಕನ್ನಡದಲ್ಲಿ ಓದಿದ ಹುಡುಗಿ ಎಂಟನೆಯ ವರ್ಷ ಯಾವ ಭಾಷೆಯಲ್ಲಿ ಓದಬೇಕೆಂಬುದನ್ನು ತಾಯಿಯೂ ಮಗಳೂ ಅಲ್ಲ, ಬಾಡಿಗೆಯ ಮನೆಯೊಂದು ನಿರ್ಧರಿಸುವುದಾಗಿತ್ತು.

ಹೊಸ ಬಡಾವಣೆಗಳ ಕಡೆ

ಮೊದಲ ದಿನ ಆಕೆ ಹೋದದ್ದು ಎಲ್ಲರೂ ಹೊಗಳಿದ ದಕ್ಷಿಣ ಭಾಗಕ್ಕೆ. ಸಾತ್ ರಸ್ತಾ ಎಂಬ ಕೂಡುದಾರಿ ದಾಟಿ ಹೊಟಗಿ ರಸ್ತೆ, ವಿಜಾಪುರ ರಸ್ತೆಗಳ ನಡುವೆ ಹಬ್ಬಿಕೊಂಡಿರುವ ಜುಳೆ ಸೊಲ್ಲಾಪುರ ನಗರ ಬೆಳೆದಂತೆ ಬೆಳೆದ ವಸತಿ. ವಿಜಾಪುರ ರಸ್ತೆಯ ಬದಿಯಲ್ಲಿ ಹಿಂದೆ ಕಂಬರ ತಲಾವ್ ಎನ್ನುತ್ತಿದ್ದ, ಈಗ ಸಂಭಾಜಿ ಕೆರೆ ಎನ್ನುವ ನೀರಿನ ಹರವು. ಹತ್ತಿರದಲ್ಲೇ ರೇವಣಸಿದ್ಧೇಶ್ವರನ ಗುಡಿ. ಮುಂದೆ ಸೈಫುಲ್ ಮುಂತಾದ ವಸತಿಗಳು. ಅದೇ ರಸ್ತೆ ಇನ್ನೂ ದಕ್ಷಿಣಕ್ಕೆ ಸಾಗಿ ಭೀಮಾ ನದಿ ದಾಟಿ ವಿಜಯಪುರ ಜಿಲ್ಲೆಗೆ ಹೋಗುತ್ತದೆ. ಆ ಕಡೆಯಿಂದ ಬರುವ ಬಸ್ಸುಗಳ ಹಣೆಯ ಮೇಲಿನ ಕನ್ನಡ ಅಕ್ಷರಗಳು ರಸ್ತೆಯ ಬದಿ ನಿಂತವರ ಕಣ್ಣಿಗೆ ತಂಪು ಕೊಡುತ್ತವೆ.

ಬಡಾವಣೆಯ ಒಳಗೆ ರಸ್ತೆಗಳು ಅಗಲ, ಮನೆಗಳಿಗೆ ಆವರಣ, ಗೇಟಿನ ಮೇಲೆ ಮರಾಠಿಯಲ್ಲಿ ‘ಖೋಲಿ ಭಾಡ್ಯಾನೆ ದೇಣೆ ಆಹೆ’ ಎಂಬ ಫಲಕ. ಮಧ್ಯಾಹ್ನ ಹನ್ನೆರಡರ ಬಿಸಿಲು. ಸೊಲ್ಲಾಪುರದ ಮೇ ತಿಂಗಳು 40 ಡಿಗ್ರಿ ದಾಟುವುದು ಹೊಸ ಮಾತಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು, ಕೂಲರುಗಳ ಗುಂಯ್‌ಗುಡುವಿಕೆ ಬಿಟ್ಟರೆ ಓಣಿಯಲ್ಲಿ ಮನುಷ್ಯರ ದನಿ ಇರಲಿಲ್ಲ. ಅಪರಿಚಿತ ಓಣಿಯಲ್ಲಿ ಒಬ್ಬಳೇ ನಡೆಯುವ ಹೆಂಗಸಿಗೆ ಜನಸಂದಣಿಗಿಂತ ಇಂಥ ಮೌನವೇ ಹೆಚ್ಚು ಅಂಜಿಕೆ ಹುಟ್ಟಿಸುತ್ತದೆ. ಯಾರನ್ನು ಕೇಳುವುದು, ಯಾವ ಬಾಗಿಲು ಬಡಿಯುವುದು ಎಂದು ತಿಳಿಯದೆ ಆಕೆ ಒಂದೇ ತಿರುವನ್ನು ಎರಡು ಸಲ ಸುತ್ತಿದಳು.

ಕೊನೆಗೆ ಬಾಗಿಲು ತೆರೆದ ಒಂದು ಮನೆಯ ಯಜಮಾನಿಯೊಡನೆ ಮಾತು ಮರಾಠಿಯಲ್ಲಿ ಆರಂಭವಾಯಿತು. ಎಷ್ಟು ಜನ, ಮುಂಗಡ ಎಷ್ಟು, ಲೈಟ್ ಬಿಲ್ಲು ಬೇರೆಯೋ ಕೂಡಿಯೋ. ಇಬ್ಬರ ಮರಾಠಿಯೂ ತಡೆದು ತಡೆದು ಸಾಗುತ್ತಿತ್ತು. ಹತ್ತು ನಿಮಿಷದ ಮೇಲೆ ಯಜಮಾನಿಯ ಮೊಬೈಲು ಬಾರಿಸಿತು. ಆಕೆ ಕಿವಿಗೆ ಹಿಡಿದು, “ಹಾಂ, ಹೇಳವ್ವಾ, ಊಟ ಆತೇನು?” ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಸೊಲ್ಲಾಪುರದಲ್ಲಿ ಇದು ಎಷ್ಟೋ ಮನೆಗಳ ಕಥೆ. ಹೊಸಿಲ ಹೊರಗೆ ಮರಾಠಿ, ಒಳಗೆ ಕನ್ನಡ. ಎದುರಿನವರೂ ತಮ್ಮಂತೆಯೇ ಎಂದು ತಿಳಿಯುವವರೆಗೆ ಇಬ್ಬರೂ ಮೂರನೆಯ ಮನೆಯ ಮಾತಿನಲ್ಲಿ ವ್ಯವಹರಿಸುತ್ತಾರೆ.

ಮನೆ ಚೆನ್ನಾಗಿತ್ತು. ಗಾಳಿ, ಬೆಳಕು, ನೆಲದೊಳಗೆ ನೀರಿನ ಟಾಕಿ, ಅಂಗಳದಲ್ಲಿ ಒಂದು ಬೇವಿನ ಗಿಡ. ಯಜಮಾನಿಯ ಮಕ್ಕಳು ಎಲ್ಲಿ ಓದುತ್ತಾರೆಂದು ಕೇಳಿದಾಗ ಇಂಗ್ಲಿಷ್ ಶಾಲೆಯೊಂದರ ಹೆಸರು ಬಂತು. ಹಳದಿ ಬಸ್ಸು ಮನೆಬಾಗಿಲಿಗೇ ಬರುತ್ತದಂತೆ. ಕನ್ನಡ ಶಾಲೆ? “ಅದು ಊರಾಗ ಅದರಿ, ಹಳೀ ಊರಾಗ. ಇಲ್ಲಿಂದ ಯಾರು ಕಳಸ್ತಾರ?” ಎಂದಳು. ಹಳೆಯ ಊರಿಗೆ ಎರಡು ಸಲ ವಾಹನ ಬದಲಿಸಬೇಕು. ಹದಿಮೂರರ ಹುಡುಗಿ, ಪಾಳಿಯ ಕೆಲಸದ ತಂದೆ, ದಿನಕ್ಕೆ ನಾಲ್ಕು ಸಲ ರಿಕ್ಷಾದ ದುಡ್ಡು. ಮೊದಲ ತಿಂಗಳು ಕಳಿಸಬಹುದು. ಮಳೆಗಾಲದ ಒಂದು ವಾರ ತಪ್ಪಿದ ಮೇಲೆ, ಪರೀಕ್ಷೆಯ ಹೊತ್ತಿಗೆ ಒಂದು ಜ್ವರ ಬಂದ ಮೇಲೆ, ಹತ್ತಿರದ ಶಾಲೆಯ ಮಾತು ತಾನಾಗಿಯೇ ಮೇಲೆ ಬರುತ್ತದೆ. ಆಕೆ ಮುಂಗಡ ಕೊಡದೆ ಎದ್ದು ಬಂದಳು.

ಮಗ್ಗದ ಸದ್ದಿನ ಪೂರ್ವ ಭಾಗ

ಎರಡನೆಯ ದಿನ ಗಂಡನ ಕಾರ್ಖಾನೆಗೆ ಹತ್ತಿರವಾಗಲೆಂದು ಆಕೆ ಪೂರ್ವ ಭಾಗ ನೋಡಿದಳು. ಅಶೋಕ ಚೌಕ, ದತ್ತನಗರ, ಕುಚನ್ ನಗರ, ನೀಲಂ ನಗರ. ಇಲ್ಲಿ ಮೌನಕ್ಕೆ ಎಡೆಯೇ ಇಲ್ಲ. ಮನೆಗಳ ನಡುವೆಯೇ ವಿದ್ಯುತ್ ಮಗ್ಗಗಳ ಕೊಟ್ಟಿಗೆಗಳು; ಕಟಕಟ ಸದ್ದು ಗೋಡೆಯಿಂದ ಗೋಡೆಗೆ ಹಾಯ್ದು ಮಾತಾಡುವವರ ದನಿಯನ್ನೂ ಒಂದು ಪಟ್ಟು ಎತ್ತರಿಸಿದೆ. ಸೊಲ್ಲಾಪುರದ ಚಾದರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆ ಹೆಸರನ್ನು ನೇಯ್ದ ಕೈಗಳಲ್ಲಿ ಬಹಳಷ್ಟು ಈ ಓಣಿಗಳವು. ತೆಲಂಗಾಣದ ಕಡೆಯಿಂದ ಬಂದ ಪದ್ಮಶಾಲಿ ನೇಕಾರರು ಇಲ್ಲಿ ತೆಲುಗನ್ನು ಮನೆಮಾತಾಗಿ ಉಳಿಸಿಕೊಂಡಿದ್ದಾರೆ. ಅಂಗಡಿಯ ಫಲಕ ಮರಾಠಿ, ಗಿರಾಕಿಯ ಮಾತು ತೆಲುಗು, ರಿಕ್ಷಾದವನ ಹಾಡು ಹಿಂದಿ, ತಳ್ಳುಗಾಡಿಯ ತರಕಾರಿ ಮಾರುವವಳ ಬೈಗುಳ ಅಚ್ಚ ಕನ್ನಡ. ನಾಲ್ಕು ಹೆಜ್ಜೆಗೆ ನಾಲ್ಕು ಭಾಷೆ ಕಿವಿಗೆ ಬೀಳುವ ಊರು ಇದು.

ಈ ಊರು ಹೀಗೆ ಕೂಡಿಕೊಂಡದ್ದಕ್ಕೆ ಹತ್ತಿ ಮತ್ತು ನೂಲು ಕಾರಣ. 1860ರಲ್ಲಿ ಮುಂಬಯಿ ಕಡೆಯ ರೈಲು ಸೊಲ್ಲಾಪುರ ಮುಟ್ಟಿತು; 1877ರಲ್ಲಿ ಜನರ ಬಾಯಲ್ಲಿ ‘ಜುನೀ ಗಿರಣಿ’ ಎಂದಾದ ಮೊದಲ ಬಟ್ಟೆ ಗಿರಣಿ ನಡೆಯತೊಡಗಿತು. ಗಿರಣಿಯ ಭೋಂಗಾ ಕೂಗಿದಾಗ ಏಳುವ, ಕೂಗಿದಾಗ ಉಣ್ಣುವ ಒಂದು ನಗರ ಹುಟ್ಟಿತು. ಸುತ್ತಣ ಕನ್ನಡ, ಮರಾಠಿ ಹಳ್ಳಿಗಳಿಂದಲೂ ತೆಲುಗು ನಾಡಿನಿಂದಲೂ ಜನ ಬಂದರು. ಮುಂದೆ ದೊಡ್ಡ ಗಿರಣಿಗಳು ಒಂದೊಂದಾಗಿ ನಿಂತವು. ಜನ ನಿಲ್ಲಲಿಲ್ಲ, ಚಿಕ್ಕ ಮಗ್ಗಗಳಿಗೂ ಬೀಡಿಗೂ ಹೊರಳಿದರು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 9,51,558.

ಹೊಸಿಲ ಮೇಲೆ ಮೊರ ಹಿಡಿದು ಬೀಡಿ ಕಟ್ಟುತ್ತಿದ್ದ ಹೆಂಗಸರ ಗುಂಪೊಂದು ಆಕೆಯನ್ನು ಕರೆದು ಕೂಡಿಸಿತು. ಕತ್ತರಿಸಿದ ತೂಪ್ರ ಎಲೆ, ಚಿಟಿಕೆ ತಂಬಾಕು, ದಾರದ ಒಂದು ಸುತ್ತು; ಮಾತಾಡುತ್ತಿದ್ದರೂ ಬೆರಳು ನಿಲ್ಲುವುದಿಲ್ಲ. ಕುಡಿಯಲು ನೀರು ಕೊಟ್ಟರು, ಯಾರು ಎತ್ತ ಎಂದು ಕೇಳಲಿಲ್ಲ. ಮನೆ ಹುಡುಕುವ ಕಷ್ಟ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಈ ನಗರದಲ್ಲಿ ಎಲ್ಲರಿಗಿಂತ ದೊಡ್ಡ ಮನೆ ಹುಡುಕಾಟ ನಡೆಸಿದವರು ಬೀಡಿ ಕಾರ್ಮಿಕ ಹೆಂಗಸರೇ. ಕಾರ್ಮಿಕ ಮುಖಂಡ ನರಸಯ್ಯ ಆಡಮ್ ಅವರ ಜೊತೆ ವರ್ಷಗಟ್ಟಲೆ ಮೋರ್ಚಾ ತೆಗೆದು, ಕಂತು ಕಟ್ಟಿ, ಕುಂಭಾರಿಯ ಬಯಲಿನಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನ 10,000 ಮನೆಗಳ ವಸಾಹತನ್ನು ಪಡೆದರು. 2006ರಲ್ಲಿ ಅದರ ಉದ್ಘಾಟನೆಯಾಯಿತು. ಅದೇ ಕುಂಭಾರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರೇನಗರ ಯೋಜನೆ ಬಂದು, 2024ರ ಜನವರಿಯಲ್ಲಿ ಮೊದಲ 15,000 ಮನೆಗಳ ಹಸ್ತಾಂತರ ನಡೆಯಿತು. ಬಾಡಿಗೆಯ ಖೋಲಿಯಲ್ಲಿ ಬೀಡಿ ಕಟ್ಟಿ ಸ್ವಂತ ಗೋಡೆ ಎಬ್ಬಿಸಿಕೊಂಡವರ ಊರು ಎಂದರೂ ಸಲ್ಲುತ್ತದೆ.

ಪೂರ್ವ ಭಾಗದಲ್ಲಿ ಬಾಡಿಗೆ ಕೈಗೆಟಕುತ್ತಿತ್ತು. ಗಂಡನಿಗೆ ಸೈಕಲ್ಲಿನ ದಾರಿ. ನೆರೆಹೊರೆ ಮನಸ್ಸಿಗೆ ಬಂದಿತ್ತು. ಆದರೆ ಆಕೆ ನೋಡಿದ ಮನೆಯಿಂದ ಕನ್ನಡ ಪ್ರೌಢಶಾಲೆಗೆ ನಡೆದು ಹೋಗುವಷ್ಟು ದೂರವಿರಲಿಲ್ಲ. ಭಾರಿ ಲಾರಿಗಳು ಓಡುವ ರಸ್ತೆಯನ್ನು ದಾಟಬೇಕಾಗುತ್ತಿತ್ತು. ಜುಳೆ ಸೊಲ್ಲಾಪುರದಲ್ಲಿ ಸೋತ ಅದೇ ಲೆಕ್ಕ ಇಲ್ಲಿಯೂ ಎದುರು ನಿಂತಿತು.

ಅಗಸಿಯ ಒಳಗೆ

ಆ ಸಂಜೆ ಆಕೆ ಮಾಡಿದ ಕೆಲಸ ಮೊದಲೇ ಮಾಡಬಹುದಾಗಿದ್ದ ಕೆಲಸ. ಮನೆ ನೋಡುವುದನ್ನು ಬಿಟ್ಟು ಶಾಲೆ ನೋಡಲು ಹೋದಳು. ಹಳೆಯ ಊರಿನ ಕನ್ನಡ ಪ್ರೌಢಶಾಲೆಯ ಗೇಟಿನ ಮುಂದೆ ನಿಂತು, ಇಲ್ಲಿಂದ ಒಂದು ಹುಡುಗಿ ಹದಿನೈದು ನಿಮಿಷದಲ್ಲಿ ಎಲ್ಲಿಯವರೆಗೆ ನಡೆಯಬಲ್ಲಳು ಎಂದು ತಾನೇ ನಡೆದು ನೋಡಿದಳು. ಮರುದಿನದಿಂದ ಆ ಸುತ್ತಿನ ಒಳಗಷ್ಟೇ ಮನೆ ಹುಡುಕುವುದೆಂದು ಗೊತ್ತುಮಾಡಿಕೊಂಡಳು. ಒಂಬತ್ತು ಲಕ್ಷ ಜನರ ನಗರ ಒಮ್ಮೆಲೇ ಅಳತೆಗೆ ಸಿಕ್ಕಿತು.

ಈ ಸುತ್ತಿನೊಳಗೆ ಬಿದ್ದದ್ದು ಸೊಲ್ಲಾಪುರದ ಅತ್ಯಂತ ಹಳೆಯ ನೆಲ. ಬಾಳಿವೇಸ್, ತುಳಜಾಪುರ ವೇಸ್, ವಿಜಾಪುರ ವೇಸ್ ಎಂಬ ಹೆಸರುಗಳು ಕೋಟೆಯ ಬಾಗಿಲುಗಳ ನೆನಪು. ಕನ್ನಡ ಹಳ್ಳಿಗಳಲ್ಲಿ ಅಗಸಿ ಎನ್ನುವುದನ್ನೇ ಮರಾಠಿ ವೇಸ್ ಎನ್ನುತ್ತದೆ. ಬಾಗಿಲುಗಳು ಅಳಿದು ಹೆಸರು ಉಳಿದಿದೆ. ಒಳಗೆ ಕಸಬಾ, ಮಂಗಳವಾರ ಪೇಠ, ಶುಕ್ರವಾರ ಪೇಠ, ಶನಿವಾರ ಪೇಠ ಎಂದು ವಾರಗಳ ಹೆಸರು ಹೊತ್ತ ಪೇಟೆಗಳು. ಮಧಲಾ ಮಾರುತಿಯ ಸುತ್ತ ಹೂವು, ಕುಂಕುಮ, ಕಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಗದ್ದಲ. ಓಣಿಗಳು ಇಕ್ಕಟ್ಟು. ಎದುರುಬದಿರಿನ ಎರಡು ಮನೆಗಳ ಹೆಂಗಸರು ಮಾಳಿಗೆಯ ಮೇಲೆ ನಿಂತು ಕೈಚಾಚಿ ಹಪ್ಪಳ ಕೊಟ್ಟುಕೊಳ್ಳಬಹುದು.

ಈ ನೆಲವನ್ನು ನಡೆದು ಅಳೆಯುವ ಪರಿಪಾಠ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದು ಸೊನ್ನಲಿಗೆ. ಸಿದ್ಧರಾಮ ಇಲ್ಲಿ ಕೆರೆ ಕಟ್ಟಿಸಿದ, ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿ ಕಟ್ಟಿಸಿದ, ವಚನ ಹೇಳಿದ. ಊರಿನ ಸುತ್ತ ಆತ 68 ಲಿಂಗಗಳನ್ನು ಸ್ಥಾಪಿಸಿದನೆಂದು ಪ್ರತೀತಿ. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಕಸಬಾದ ಹಿರೇಹಬ್ಬು ವಾಡೆಯಿಂದ ಹೊರಟು ಈ ಲಿಂಗಗಳನ್ನು ಒಂದೊಂದಾಗಿ ಕಂಡು ಬರುತ್ತವೆ. ಆಳೆತ್ತರಕ್ಕೂ ಹಲವು ಪಟ್ಟು ಉದ್ದದ ಆ ಧ್ವಜದ ಕೋಲನ್ನು ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಸೊಂಟಕ್ಕೆ ಆನಿಸಿ ಹೊತ್ತು ನಡೆಯುತ್ತಾರೆ. ಲಿಂಗಗಳಿಗೆ ಎಣ್ಣೆ ಎರೆಯುವ ವಿಧಿಯನ್ನು ಸೊಲ್ಲಾಪುರದ ಮರಾಠಿ ಪತ್ರಿಕೆಗಳೂ ‘ಯಣ್ಣಿಮಜ್ಜನ’ ಎಂದೇ ಬರೆಯುತ್ತವೆ. ಅಕ್ಷತೆಯ ವಿಧಿ ನಡೆಯುವ ಸ್ಥಳ ಎಲ್ಲರ ಬಾಯಲ್ಲೂ ‘ಸಮ್ಮತಿ ಕಟ್ಟಾ’. ಕನ್ನಡ ಬಾರದವರ ನಾಲಗೆಯ ಮೇಲೂ ವರ್ಷಕ್ಕೊಮ್ಮೆ ಕನ್ನಡ ಆಡುತ್ತದೆ.

ಕಸಬಾದ ಓಣಿಯೊಂದರಲ್ಲಿ ಹೂವಿನ ಅಂಗಡಿಯ ಮುದುಕರೊಬ್ಬರು ಆಕೆಯನ್ನು ನಿಲ್ಲಿಸಿ ಕೇಳಿದರು: “ಎಲ್ಲಿಗಿ ಹೊಂಟೀಯವ್ವಾ, ಆಗಿನಿಂದ ನೋಡ್ಲತ್ತೀನಿ.”

“ಮನಿ ನೋಡಲಾಕ ಬಂದೀನ್ರಿ ಅಜ್ಜಾರ.”

“ಈ ಹೊತ್ತಿನಾಗ ನೋಡಿದ್ರ ಏನ್ ತಿಳೀತದ? ನಳ ಬರೂ ಹೊತ್ತಿಗಿ ಬಾ. ಓಣಿ ಹ್ಯಾಂಗ ಅದಂತ ಆಗ ಕಾಣತದ.”

ಮುದುಕರ ಮಾತು ಸುಳ್ಳಾಗಲಿಲ್ಲ. ಉಜನಿ ಜಲಾಶಯ, ಭೀಮೆಯ ಟಾಕಳಿ, ಹಿಪ್ಪರಗಾ ಕೆರೆ ಇವು ಸೊಲ್ಲಾಪುರಕ್ಕೆ ನೀರು ಕೊಡುವ ಮೂಲಗಳು. ಆದರೂ ನಗರದ ನಳಕ್ಕೆ ನೀರು ದಿನವೂ ಬರುವುದಿಲ್ಲ. ದಿನಗಳ ಅಂತರದ ಮೇಲೆ, ಒಂದೊಂದು ಭಾಗಕ್ಕೆ ಒಂದೊಂದು ಹೊತ್ತಿಗೆ ಬರುತ್ತದೆ. ಆ ಹೊತ್ತು ಓಣಿಯ ಒಳಗುಣವೆಲ್ಲ ಬಯಲಿಗೆ ಬರುತ್ತದೆ. ಯಾರು ಮೋಟಾರು ಹಚ್ಚಿ ಎಲ್ಲರ ನೀರು ಎಳೆಯುತ್ತಾರೆ, ಯಾರು ಬಾಣಂತಿಯ ಮನೆಗೆ ಮೊದಲು ಬಿಡುತ್ತಾರೆ, ಮಾಳಿಗೆಯ ಬಾಡಿಗೆದಾರರಿಗೆ ಎಷ್ಟು ಕೊಡದ ಪಾಲು. ಮರುದಿನ ನಸುಕಿನಲ್ಲಿ ಆಕೆ ಬಂದಾಗ ಓಣಿ ತುಂಬ ಕೊಡ, ಬ್ಯಾರಲ್, ಪೈಪುಗಳ ಸಾಲು. ಜಗಳವಿತ್ತು, ನಗೆಯಿತ್ತು, ಎರಡೂ ಬಹುಪಾಲು ಕನ್ನಡದಲ್ಲಿಯೇ ಇದ್ದವು. ಹಗಲು ಹೊತ್ತಿನಲ್ಲಿ ಎಲ್ಲಿ ಅಡಗಿತ್ತೋ ಆ ಕನ್ನಡ ನೀರಿನ ಜೊತೆ ಹೊರಗೆ ಬಂದಿತ್ತು.

“ಯಾವ ಪೈಕಿ?”

ಇಷ್ಟಾಗಿ ಮನೆ ಸುಲಭವಾಗಿ ಸಿಕ್ಕಿತೆಂದರೆ ತಪ್ಪಾಗುತ್ತದೆ. ಪೂರ್ವ ಭಾಗದ ಬೀಡಿಯ ಹೆಂಗಸರು ಕೇಳದ ಪ್ರಶ್ನೆಯನ್ನು ಇಲ್ಲಿ ಅಚ್ಚ ಕನ್ನಡದಲ್ಲಿ ಕೇಳಿದರು. “ಯಾವ ಊರ್ರಿ?” ಎಂಬುದರ ಹಿಂದೆಯೇ “ಯಾವ ಪೈಕಿ?” ಬರುತ್ತಿತ್ತು. ಉತ್ತರ ಕೊಟ್ಟ ಮೇಲೆ ಎರಡು ಮನೆಗಳಲ್ಲಿ ದನಿ ಬದಲಾಯಿತು. ಒಂದು ಕಡೆ ಮಗ ಬರುವವನಿದ್ದಾನೆ ಎಂದರು. ಇನ್ನೊಂದು ಕಡೆ ಬೆಳಿಗ್ಗೆಯೇ ಯಾರಿಗೋ ಮಾತು ಕೊಟ್ಟಾಗಿದೆ ಎಂದರು. ಗೇಟಿನ ಮೇಲಿನ ಫಲಕ ಮಾತ್ರ ಮರುದಿನವೂ ಹಾಗೆಯೇ ತೂಗಾಡುತ್ತಿತ್ತು. ಗಂಡಸಿನ ಜೊತೆಯಿಲ್ಲದೆ ಮನೆ ಕೇಳಲು ಬಂದದ್ದಕ್ಕೂ ಹುಬ್ಬುಗಳು ಏರಿದವು. ಯಜಮಾನರನ್ನು ಕರೆದುಕೊಂಡು ಬರಬೇಕೆಂದು ಕೆಲವರು ಹೇಳಿದರು. ಅವರ ಪಾಳಿ ಮುಗಿಯುವ ಹೊತ್ತಿಗೆ ಕೇಳಿದವರು ಮಲಗಿರುತ್ತಿದ್ದರು.

ಗಡಿನಾಡಿನ ಕನ್ನಡಿಗರು ಒಂದು ಮಾತನ್ನು ಮೆಲ್ಲಗಾದರೂ ಒಪ್ಪಿಕೊಳ್ಳಬೇಕು. ನುಡಿ ಒಂದೇ ಆದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಕನ್ನಡದ ಓಣಿಯಲ್ಲಿ ಮನೆ ಸಿಕ್ಕರೆ ಮಗಳ ಕನ್ನಡ ಉಳಿಯುತ್ತದೆ ಎಂದು ಆಕೆ ನಂಬಿದ್ದಳು. ಆ ಓಣಿಯೇ ಆಕೆಯನ್ನು ಎರಡು ಸಲ ಹಿಂದಿರುಗಿಸಿತು.

ಕೊನೆಗೆ ಮನೆ ಕೊಟ್ಟವರು ಹಳೆಯ ಪೇಠವೊಂದರ ಮರಾಠಿ ಮಾತಿನ ವಿಧವೆ. ಕಟ್ಟಿಗೆಯ ತೊಲೆಗಳ ಹಳೆಯ ವಾಡೆ, ಮೇಲಿನ ಎರಡು ಖೋಲಿ. ಆ ಹಿರಿಯರು ಕೇಳಿದ್ದು ಮೂರು ಪ್ರಶ್ನೆ: ಎಷ್ಟು ಜನ, ನೀರು ಯಾರು ಏರಿಸುತ್ತೀರಿ, ಹುಡುಗಿ ಯಾವ ಶಾಲೆ. ಶಾಲೆಯ ಹೆಸರು ಹೇಳಿದಾಗ ಅವರ ಮುಖದಲ್ಲಿ ಗುರುತು ಮೂಡಿತು. ಅವರ ಅತ್ತೆ ಕನ್ನಡದವರಂತೆ. ಸೊಸೆಗೆ ಬಯ್ಯಲಷ್ಟೇ ಕನ್ನಡ ಬಳಸುತ್ತಿದ್ದರಂತೆ, ಆದ್ದರಿಂದ ತಮಗೆ ಬಯ್ಗುಳ ಮಾತ್ರ ಅರ್ಥವಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ಮನೆಯಿಂದ ಶಾಲೆಗೆ ಹನ್ನೊಂದು ನಿಮಿಷದ ನಡಿಗೆ. ಆಕೆ ಗಡಿಯಾರ ನೋಡಿಕೊಂಡು ಎರಡು ಸಲ ನಡೆದಳು. ಒಂದು ಸಲ ಬೆಳಗಿನ ಶಾಲೆಯ ಹೊತ್ತಿಗೆ, ಒಂದು ಸಲ ದೀಪ ಹಚ್ಚುವ ಹೊತ್ತಿಗೆ. ದಾರಿಯಲ್ಲಿ ಕತ್ತಲಿನ ಒಂದು ತಿರುವು, ಒಂದು ಸಾರಾಯಿ ಅಂಗಡಿ ಇದ್ದವು. ಎರಡನ್ನೂ ತಪ್ಪಿಸುವ ಇನ್ನೊಂದು ಓಣಿಯೂ ಇತ್ತು.

ಕಳೆದುಕೊಂಡದ್ದೂ ಇದೆ. ಬೇವಿನ ಗಿಡದ ಅಂಗಳ ಹೋಯಿತು. ಖೋಲಿಗಳಲ್ಲಿ ಹಗಲೂ ದೀಪ ಬೇಕು. ನೀರು ಬಂದ ದಿನ ಹದಿನೆಂಟು ಮೆಟ್ಟಿಲು ಏರಿಸಬೇಕು. ಗಂಡನ ಕಾರ್ಖಾನೆ ದೂರವಾಯಿತು. ರಾತ್ರಿಯ ಪಾಳಿಯಿಂದ ಆತ ಬರುವುದು ಇನ್ನಷ್ಟು ತಡವಾಗುತ್ತದೆ. ಆ ದೂರವನ್ನು ಮಗಳು ನಡೆಯುವ ಬದಲು ತಾನು ಸೈಕಲ್ ತುಳಿಯುತ್ತೇನೆ ಎಂದು ಆತ ಫೋನಿನಲ್ಲಿ ಹೇಳಿದ ಮೇಲೆಯೇ ಮುಂಗಡದ ಹಣ ಕೈ ಬದಲಿಸಿತು.

ನಡಿಗೆಯ ಅಳತೆ

ಒಂದು ಮನೆಯ ಈ ಆಯ್ಕೆ ಒಂದು ಮನೆಗೇ ಮುಗಿಯುವುದಿಲ್ಲ. ಮಹಾರಾಷ್ಟ್ರದ ಕನ್ನಡ ಶಾಲೆಗಳ ಪಾಲಕರಿಗೆ ‘ಪಟ’ ಎಂಬ ಮಾತು ಗೊತ್ತು. ಹಾಜರಿ ಪಟ್ಟಿಯಲ್ಲಿ ಎಷ್ಟು ಮಕ್ಕಳ ಹೆಸರಿದೆಯೋ ಅದರ ಮೇಲೆ ಶಿಕ್ಷಕರ ಹುದ್ದೆಗಳು ಮಂಜೂರಾಗುತ್ತವೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರು ಹೆಚ್ಚುವರಿಯೆನಿಸಿ ಬೇರೆಡೆ ಹೋಗುತ್ತಾರೆ. ಶಿಕ್ಷಕರು ಹೋದರೆ ಉಳಿದ ಪಾಲಕರೂ ಹಿಂಜರಿಯುತ್ತಾರೆ. ಹೊಸ ಬಡಾವಣೆಗೆ ಹೋದ ಒಂದು ಕುಟುಂಬ ಹಳೆಯ ಊರಿನ ಶಾಲೆಯ ಪಟದಿಂದ ಒಂದು ಹೆಸರನ್ನು ಒಯ್ಯುತ್ತದೆ. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಗಾಳಿ ಬೆಳಕಿನ ಮನೆ ಎಲ್ಲರಿಗೂ ಬೇಕು. ಆದರೆ ನಗರ ದಕ್ಷಿಣಕ್ಕೂ ಪೂರ್ವಕ್ಕೂ ಬೆಳೆದಷ್ಟು ಸಲೀಸಾಗಿ ಕನ್ನಡ ಶಾಲೆಗಳು ಅದರ ಬೆನ್ನು ಹತ್ತಿ ಹೋಗಿಲ್ಲ.

ಕಾಗದದ ಮೇಲೆ ಹಕ್ಕು ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವಾದ ಬಾಲಭಾರತಿ ಕನ್ನಡದಲ್ಲಿಯೂ ಪುಸ್ತಕ ಅಚ್ಚು ಹಾಕಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ. ನೆರೆಯ ಭಾಷೆ ತಪ್ಪಿಹೋಗುವ ಭಯಕ್ಕೆ ಕಾರಣವಿಲ್ಲ. ಪುಸ್ತಕವಿದ್ದು, ಹಕ್ಕಿದ್ದು, ಶಾಲೆಯಿದ್ದು, ಮನೆಯಿಂದ ಶಾಲೆಗೆ ದಾರಿ ಇಲ್ಲದಿದ್ದರೆ ಉಳಿದದ್ದೆಲ್ಲ ಕಪಾಟಿನಲ್ಲಿ ಉಳಿಯುತ್ತದೆ.

ಶಾಲೆಯ ಆಸರೆಯಿಲ್ಲದೆಯೂ ಕನ್ನಡ ಗೆದ್ದ ಉದಾಹರಣೆ ಸೊಲ್ಲಾಪುರದಲ್ಲಿಯೇ ಇದೆ. 1912ರಲ್ಲಿ ಇಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಓದಿದ್ದು ಮರಾಠಿಯಲ್ಲಿ. ಕನ್ನಡವನ್ನು ತಮ್ಮ ಪ್ರಯತ್ನದಿಂದ ಕಲಿತು, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ಆದರೆ ಅಂಥ ಛಲ ಸಾವಿರಕ್ಕೊಬ್ಬರದು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಕ್ಕಳಿಗೆ ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದ ಒಂದು ತರಗತಿ.

ಮನೆ ಹುಡುಕುವ ಇತರ ಕುಟುಂಬಗಳಿಗೆ ಈ ತಾಯಿಯ ಓಡಾಟದಿಂದ ಕೆಲವು ಸಂಗತಿ ಸಿಗುತ್ತವೆ. ಮೊದಲು ಶಾಲೆ ಗೊತ್ತುಮಾಡಿಕೊಂಡು ಅದರ ಸುತ್ತ ಮನೆ ಹುಡುಕಬೇಕು. ಒಂದೇ ಓಣಿಯನ್ನು ನಸುಕು, ನಡುಹಗಲು, ಮುಸ್ಸಂಜೆ ಮೂರು ಹೊತ್ತು ನೋಡಬೇಕು. ನೀರಿನ ದಿನ ಮತ್ತು ಹೊತ್ತನ್ನು ಮಾಲೀಕರಿಗಿಂತ ಬಾಡಿಗೆದಾರರನ್ನು ಕೇಳಿ ತಿಳಿಯಬೇಕು. ಒಬ್ಬಳೇ ಹೋಗುವವಳು ಎಲ್ಲಿಗೆ ಹೋಗುತ್ತಿರುವಳೆಂದು ಮನೆಯಲ್ಲಿ ತಿಳಿಸಿ ಹೋಗಬೇಕು. ದಾರಿ ಕೇಳುವುದಿದ್ದರೆ ಹೊಸಿಲಲ್ಲಿ ಕುಳಿತ ಹೆಂಗಸರನ್ನು, ಅಂಗಡಿಯ ಹಿರಿಯರನ್ನು ಕೇಳಬೇಕು. ಕರಾರನ್ನು ಬಾಯಿಮಾತಿಗೆ ಬಿಡಬಾರದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಬಾಡ ಿಗೆಯ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕು. ನೋಂದಣಿ ಮಾಡಿಸುವ ಹೊಣೆ ಮನೆಯ ಮಾಲೀಕರದು. ಕರಾರು ಮರಾಠಿಯಲ್ಲಿದ್ದರೆ ಓದಬಲ್ಲವರಿಂದ ಪೂರ್ತಿ ಓದಿಸಿಕೊಂಡೇ ಸಹಿ ಹಾಕಬೇಕು.

ಹಳೆಯ ವಾಡೆಯ ಕರಾರು ರೂಢಿಯಂತೆ 11 ತಿಂಗಳದ್ದು. ಎಂಟನೆಯಿಂದ ಹತ್ತನೆಯವರೆಗಿನ ಓದು ಮೂರು ವರ್ಷದ್ದು. ಅಷ್ಟರಲ್ಲಿ ಆ ಕುಟುಂಬ ಇನ್ನೂ ಒಂದೆರಡು ಸಲ ಸಾಮಾನು ಕಟ್ಟಬೇಕಾಗಿ ಬರಬಹುದು, ಇನ್ನಷ್ಟು ಬಾಗಿಲು ಬಡಿಯಬೇಕಾಗಿ ಬರಬಹುದು. ಆಗಲೂ ಹುಡುಕಾಟ ಶಾಲೆಯ ಗೇಟಿನಿಂದಲೇ ಆರಂಭವಾಗುತ್ತದೆ, ಹದಿನೈದು ನಿಮಿಷದ ನಡಿಗೆಯ ಒಳಗೆ.